ಬೇಕರಿಗೆ ದಂಡ, ಪೊರಕೆಗೆ ಜೈಲು

(ವಿದ್ಯಾರ್ಥಿ ನಿಲಯದಲ್ಲಿ ನಡೆದ ಒಂದು ದಿನದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)

ಬೆಳಗ್ಗೆಯಿಂದ ಮೂರು ಭಾಷಣ ಕೇಳಿ ಕೂತಿದ್ದೀರಿ. ಈಗ ನಾವು ಬ್ರೆಡ್ಡಿನ ವಿಷಯ ಮಾತಾಡೋಕೆ ಬಂದಿದ್ದೇವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಿ, ಪರವಾಗಿಲ್ಲ. ಸಮಾನತೆಯ ಮಾತಾಡುವ ಜಾಗದಲ್ಲಿ ಬನ್ನು ಬ್ರೆಡ್ಡಿಗೆ ಏನು ಕೆಲಸ ಅಂತ ಮೊದಲು ನಾವೂ ನಕ್ಕವರೇ.

ಇದು ಶುರುವಾದದ್ದು ಹೀಗೆ. ನಾವು ನಾಲ್ಕು ಜನ ಹಾಸ್ಟೆಲಿನಲ್ಲಿದ್ದಾಗ ತಾಲ್ಲೂಕು ಕೇಂದ್ರದ ಒಂದು ಬೇಕರಿಗೆ ಹೋಗುತ್ತಿದ್ದೆವು. ಮೆಸ್ಸಿನ ನೀರು ಸಾರು ಸಾಯಂಕಾಲದ ತನಕ ಬರುತ್ತಿರಲಿಲ್ಲ. ಒಂದು ಬನ್ನು ತಗೊಂಡು ಇಬ್ಬರು ಹಂಚಿಕೊಂಡರೆ ರಾತ್ರಿಯವರೆಗೆ ತಡೆಯುತ್ತಿತ್ತು. ಆ ಬೇಕರಿಯವನು ಬೇರೆಯವರಿಗೆ ಬನ್ನನ್ನು ಕೈಗೇ ಕೊಡುತ್ತಿದ್ದ. ನಮಗೆ ಮಾತ್ರ ಪೇಪರಿನಲ್ಲಿ ಸುತ್ತಿ ಗಾಜಿನ ಪೆಟ್ಟಿಗೆಯ ಮೇಲೆ ಇಡುತ್ತಿದ್ದ. ನಾವು ಕಾಸನ್ನೂ ಅಲ್ಲೇ ಇಡಬೇಕು. ಮೊದಮೊದಲು ನಮಗೆ ಹೊಳೆಯಲೇ ಇಲ್ಲ. ಪೇಪರು ಸುತ್ತಿ ಕೊಡುತ್ತಾನಲ್ಲ, ಓದೋ ಹುಡುಗರು ಅಂತ ಮರ್ಯಾದೆ ಇರಬೇಕು ಅಂದುಕೊಂಡಿದ್ದೆವು!

ಆ ಅಂಗಡಿಯ ಗೋಡೆಯ ಮೇಲೆ ಎರಡು ಚೌಕಟ್ಟು. ಒಂದರಲ್ಲಿ ದೇವರ ಪಟ, ಇನ್ನೊಂದರಲ್ಲಿ ಪುರಸಭೆಯ ಲೈಸೆನ್ಸು. ಎರಡಕ್ಕೂ ಸೇರಿ ಒಂದೇ ಊದುಬತ್ತಿ. ಒಂದು ದಿನ ನಮ್ಮಲ್ಲೊಬ್ಬ ಆ ಲೈಸೆನ್ಸನ್ನು ನಿಂತು ಓದಿದ. ಅಂಗಡಿಯನ್ನು ಶುಚಿಯಾಗಿ ಇಟ್ಟುಕೊಳ್ಳತಕ್ಕದ್ದು ಅಂತ ಒಂದು ಷರತ್ತು ಇತ್ತು. ಹೊರಗೆ ಬಂದು ಕೇಳಿದ: 'ಅಲ್ಲಯ್ಯ, ಇವನು ನಮ್ಮ ಕೈ ಮುಟ್ಟದೆ ಇರೋದೂ ಈ ಷರತ್ತಿನಲ್ಲೇ ಬರ್ತದಾ?'

ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ವರ್ಷಗಳ ಕಾಲ ಸಿಕ್ಕಿದ್ದನ್ನು ಓದಿಕೊಂಡು ಹೋದೆವು. ಬೇಕರಿಯ ಗೋಡೆಗೆ ಸುಣ್ಣ ಹೊಡೀಬೇಕು, ಮೋರಿ ದೂರ ಇರಬೇಕು, ಲೈಸೆನ್ಸು ತಗೋಬೇಕು ಅನ್ನುವ ಕಾನೂನು ಎಲ್ಲಿಂದ ಬಂತು ಅಂತ ಹುಡುಕುತ್ತಾ ನಾವು ಹೋಗಿ ನಿಂತದ್ದು ಬ್ರಿಟಿಷರ ಕಾಲದ ಬೊಂಬಾಯಿಯಲ್ಲಿ. ಆದರೆ ಬೊಂಬಾಯಿಗೆ ಹೋಗೋಕೆ ಮುಂಚೆ ಲಂಡನ್ನಿಗೆ ಹೋಗಬೇಕು. ಕಾನೂನು ಹಡಗು ಹತ್ತಿದ್ದು ಅಲ್ಲಿಂದ.

1862ರಲ್ಲಿ ಟ್ರೆಮೆನ್‌ಹೀರ್ ಅನ್ನುವ ಸರ್ಕಾರಿ ಅಧಿಕಾರಿ ಲಂಡನ್ನಿನ ಬೇಕರಿ ಕೂಲಿಗಳ ಕಷ್ಟದ ಮೇಲೆ ಒಂದು ವರದಿ ಕೊಟ್ಟ. ಆ ಕೂಲಿಗಳು ನೆಲಮಾಳಿಗೆಯಲ್ಲಿ, ಒಲೆಯ ಬಿಸಿಯಲ್ಲಿ, ರಾತ್ರಿಯಿಡೀ ಹಿಟ್ಟು ನಾದುತ್ತಿದ್ದರು. ನಿದ್ದೆ ಬಂದರೆ ಅಲ್ಲೇ ಹಲಗೆ ಮೇಲೆ ಮಲಗೋದು. ಮೈಬೆವರು ಹಿಟ್ಟಿಗೆ, ಜೇಡರ ಬಲೆ ಹಿಟ್ಟಿಗೆ, ಸತ್ತ ಜಿರಲೆ ಹಿಟ್ಟಿಗೆ. ಬ್ರೆಡ್ಡು ಬೆಳ್ಳಗೆ ಕಾಣಲಿ ಅಂತ ಪಟಿಕ ಬೇರೆ. ಈ ವರದಿಯನ್ನು ಕಾರ್ಲ್ ಮಾರ್ಕ್ಸ್ 'ಬಂಡವಾಳ' ಗ್ರಂಥದಲ್ಲಿ ಎತ್ತಿ ತೋರಿಸಿದ್ದಾನೆ. ಬೆವರಿನ ಬ್ರೆಡ್ಡು ತಿಂತಿದ್ದೇವೆ ಅಂತ ಗೊತ್ತಾದ ಕೂಡಲೇ ಲಂಡನ್ನಿನ ದೊಡ್ಡ ಮನುಷ್ಯರಿಗೆ ಹೊಟ್ಟೆ ತೊಳಸಿತು. ಮಾರನೇ ವರ್ಷವೇ, 1863ರಲ್ಲಿ, ಬೇಕರಿ ನಿಯಂತ್ರಣದ ಕಾಯ್ದೆ ಬಂತು. ಆರು ತಿಂಗಳಿಗೊಮ್ಮೆ ಸುಣ್ಣ ಹೊಡೀಬೇಕು. ಬಣ್ಣ ಬಳಿದ ಗೋಡೆಯಾದರೆ ತೊಳೀಬೇಕು. ಬೇಕರಿಯ ಮಗ್ಗುಲಲ್ಲಿ ಕೂಲಿಗಳು ಮಲಗುವ ಜಾಗಕ್ಕೆ ಗೋಡೆ ಅಡ್ಡ ಇರಬೇಕು, ಕಿಟಕಿ ಇರಬೇಕು. ಹದಿನೆಂಟು ವರ್ಷ ತುಂಬದ ಹುಡುಗರನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಐದರ ತನಕ ದುಡಿಸಬಾರದು. 1883ರ ಇನ್ನೊಂದು ಕಾಯ್ದೆ, ಬೇಕರಿಗೆ ನೇರವಾಗಿ ತೆರೆಯುವ ಕಕ್ಕಸು ಇರಬಾರದು, ಒಳಗೆ ಚರಂಡಿಯ ಬಾಯಿ ಇರಬಾರದು, ಕಕ್ಕಸಿನ ನೀರಿನ ತೊಟ್ಟಿ ಬೇರೆ, ಬೇಕರಿಯ ತೊಟ್ಟಿ ಬೇರೆ ಇರಬೇಕು ಅಂತ ಹೇಳಿತು.

ಇವು ಒಳ್ಳೆಯ ಕಾನೂನುಗಳೇ. ಆ ಕಾನೂನಿಗೆ ಎರಡು ಕಣ್ಣಿದ್ದವು, ಅದನ್ನು ಮಾತ್ರ ಗಮನಿಸಿ. ಒಂದು ಕಣ್ಣು ಬ್ರೆಡ್ಡಿನ ಮೇಲೆ. ಇನ್ನೊಂದು, ಅರೆಗಣ್ಣೇ ಇರಲಿ, ಹಿಟ್ಟು ನಾದುವ ಹುಡುಗನ ನಿದ್ದೆಯ ಮೇಲೆ.

ಅದೇ 1863ರಲ್ಲಿ ಇಂಡಿಯಾದ ಬಗ್ಗೆ ಇನ್ನೊಂದು ವರದಿ ಬಂತು. ಇಲ್ಲಿದ್ದ ಬಿಳಿ ಸೋಲ್ಜರುಗಳು ವರ್ಷಕ್ಕೆ ಸಾವಿರಕ್ಕೆ 69 ಜನರಂತೆ ಸಾಯುತ್ತಿದ್ದಾರೆ, ಯುದ್ಧದಲ್ಲಿ ಅಲ್ಲ, ಹೆಚ್ಚಿನವರು ಕಾಲರಾ, ಜ್ವರ, ಭೇದಿಯಲ್ಲಿ ಅಂತ ಒಂದು ರಾಯಲ್ ಕಮಿಷನ್ ಹೇಳಿತು. ಆಮೇಲೆ ದಂಡುಗಳಲ್ಲೂ ದೊಡ್ಡ ಪಟ್ಟಣಗಳಲ್ಲೂ ಬಾವಿ, ಮೋರಿ, ಕಸಾಯಿಖಾನೆ, ಹಾಲು, ರೊಟ್ಟಿ ಎಲ್ಲದರ ಮೇಲೂ ನಿಗಾ ಶುರುವಾಯಿತು. ನಗರದ ಆರೋಗ್ಯದ ಕಾನೂನು ಇಲ್ಲಿಗೆ ಬಂದ ದಾರಿ ಇದು. ನಮ್ಮ ಅಜ್ಜ ಅಜ್ಜಿಯರ ಪ್ರಾಣ ಉಳಿಸೋಣ ಅಂತ ಬಂದದ್ದಲ್ಲ.

ಹಡಗು ಇಳಿಯುವಾಗ ಒಂದು ಕಣ್ಣು ಕುರುಡಾಯಿತು. 1888ರ ಬೊಂಬಾಯಿ ಮುನಿಸಿಪಲ್ ಕಾಯ್ದೆಯಲ್ಲಿ ಮಾರಾಟಕ್ಕಿಟ್ಟ ತಿನಿಸನ್ನು ಪರೀಕ್ಷಿಸುವ, ಕೆಟ್ಟದ್ದನ್ನು ಎತ್ತಿಕೊಂಡು ಹೋಗಿ ನಾಶ ಮಾಡುವ ಅಧಿಕಾರ ಇತ್ತು. ಊರಿಗೆ ಉಪದ್ರವ ಕೊಡಬಹುದಾದ ಕಸುಬುಗಳಿಗೆ ಲೈಸೆನ್ಸು ಕಡ್ಡಾಯ ಆಯಿತು. ಹಿಟ್ಟು ನಾದುವವನ ನಿದ್ದೆ ಎಲ್ಲಿ ಹೋಯಿತು? ಕೂಲಿಗಳ ಕಾನೂನಿನಲ್ಲಿ ಇರಬೇಕಲ್ಲ ಅಂತ ನೋಡಿದೆವು. 1881ರ ಕಾರ್ಖಾನೆ ಕಾಯ್ದೆ ಯಂತ್ರಶಕ್ತಿ ಇರುವ, ನೂರು ಜನ ದುಡಿಯುವ ಕಾರ್ಖಾನೆಗೆ ಮಾತ್ರ. 1891ರಲ್ಲಿ ಅದನ್ನು ಐವತ್ತಕ್ಕೆ ಇಳಿಸಿದರು. ಸೌದೆ ಒಲೆ ಇಟ್ಟುಕೊಂಡು ಹತ್ತು ಹನ್ನೆರಡು ಜನ ದುಡಿಯುವ ಬೇಕರಿ ಯಾವ ಲೆಕ್ಕಕ್ಕೂ ಇಲ್ಲ. ಹಿಟ್ಟಿನ ಮೂಟೆಯ ಮೇಲೆ ಮಲಗುವ ಹುಡುಗ ಲಂಡನ್ನಿನಲ್ಲಿದ್ದರೆ ಕಾನೂನಿಗೆ ಕಾಣುತ್ತಿದ್ದ, ಬೊಂಬಾಯಿಯಲ್ಲಿ ಕಾಣಲಿಲ್ಲ. ಅಂಗಡಿ ಮುಂಗಟ್ಟುಗಳ ಕೆಲಸಗಾರರಿಗೆ ಅಂತ ಒಂದು ಕಾಯ್ದೆ ಬೊಂಬಾಯಿ ಪ್ರಾಂತ್ಯಕ್ಕೆ ಬಂದದ್ದು 1939ರಲ್ಲಿ.

ಇನ್ನು ಬೊಂಬಾಯಿಯ ಬ್ರೆಡ್ಡು. ಅದರ ಹೆಸರು ಪಾವ್. ಪೋರ್ಚುಗೀಸರ ಮಾತು ಅದು. 1661ರ ಮದುವೆ ಒಪ್ಪಂದದಲ್ಲಿ ಬೊಂಬಾಯಿ ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಹೋಗುವ ಮೊದಲು ಪೋರ್ಚುಗೀಸರ ಕೈಯಲ್ಲಿತ್ತು. ಗೋವೆಯ ಕ್ರೈಸ್ತರು ಈ ರೊಟ್ಟಿ ಸುಡುವುದರಲ್ಲಿ ನಿಪುಣರು. ಹಿಟ್ಟು ಉಬ್ಬಲಿ ಅಂತ ಹೆಂಡ ಹಾಕುತ್ತಿದ್ದರು. ಮುಸಲ್ಮಾನರೂ ಸುಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇರಾನಿಗಳು ಬಂದು ಚಹಾದಂಗಡಿ ಜೊತೆಗೆ ಬೇಕರಿ ಹಾಕಿದರು.

ಮ್ಲೇಚ್ಛರ ಕೈ, ಮೇಲೆ ಹೆಂಡದ ಹುಳಿ. ಮೇಲ್ಜಾತಿ ಮನೆಗಳಿಗೆ ಪಾವ್ ಅಂದರೆ ಮೈಲಿಗೆ. ಪಾವ್ ಅಂದರೆ ಪಾದ, ಕಾಲಿನಲ್ಲಿ ತುಳಿದು ಮಾಡುತ್ತಾರೆ ಅಂತ ಕತೆ ಕಟ್ಟಿದರು. ಪಾವ್ ತಿಂದರೆ ಜಾತಿ ಹೋಗುತ್ತದೆ ಅನ್ನುವ ಮಾತು ಎಷ್ಟು ಗಟ್ಟಿಯಾಗಿತ್ತು ಅಂದರೆ, ಜಾತಿ ಬಿಡಬೇಕು ಅಂದುಕೊಂಡವರು ಪಾವನ್ನೇ ಹಿಡಿದರು. 1849ರಲ್ಲಿ ಬೊಂಬಾಯಿಯಲ್ಲಿ ದಾದೋಬಾ ಪಾಂಡುರಂಗ ಮತ್ತು ಗೆಳೆಯರು ಪರಮಹಂಸ ಸಭೆ ಅಂತ ಕಟ್ಟಿದರು. ಸೇರುವವನು ಕ್ರೈಸ್ತ ಸುಟ್ಟ ಒಂದು ತುಂಡು ಪಾವ್ ತಿನ್ನಬೇಕು, ಅದೇ ದೀಕ್ಷೆ. ಒಂದು ತುಂಡು ರೊಟ್ಟಿಗೆ ಇಂಥ ಶಕ್ತಿ ಇರುವ ದೇಶ ಇನ್ನೆಲ್ಲಾದರೂ ಇದೆಯಾ? ಆದರೆ ಎಲ್ಲ ಗುಟ್ಟಾಗಿ. 1860ರಲ್ಲಿ ಸದಸ್ಯರ ಪಟ್ಟಿ ಕಳುವಾಗಿ ಹೆಸರು ಬಯಲಾಯಿತು. ಸಭೆ ಅಲ್ಲಿಗೇ ಚೆದುರಿತು. ಅವರನ್ನು ನಾವು ಹೀಯಾಳಿಸುವುದಿಲ್ಲ, ಆ ಕಾಲಕ್ಕೆ ಅದೂ ಧೈರ್ಯವೇ. ಆದರೆ ಎಂಟು ವರ್ಷ ಬಿಟ್ಟು, 1868ರಲ್ಲಿ, ಪೂನಾದಲ್ಲಿ ಜ್ಯೋತಿಬಾ ಫುಲೆ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಹಾಡಹಗಲೇ ತೆರೆದರು. ಅದಕ್ಕೆ ಗುಟ್ಟಿನ ಪಟ್ಟಿ ಬೇಕಾಗಲಿಲ್ಲ.

ಈಗ 1890ಕ್ಕೆ ಬನ್ನಿ. ಆ ವರ್ಷ ಎರಡು ಸಂಗತಿ ನಡೆದವು. ಒಂದು ಎಲ್ಲ ಚರಿತ್ರೆ ಪುಸ್ತಕದಲ್ಲೂ ಇದೆ. ಅಕ್ಟೋಬರಿನಲ್ಲಿ ಪೂನಾದ ಪಂಚ್ ಹೌದ್ ಮಿಷನ್ನಿನಲ್ಲಿ ಒಂದು ಸಭೆ. ಪಾದ್ರಿಗಳು ಚಹಾ, ಬಿಸ್ಕತ್ತು ಇಟ್ಟರು. ಬಂದವರಲ್ಲಿ ರಾನಡೆ ಇದ್ದರು, ತಿಲಕರು ಇದ್ದರು. ಹಾಜರಿದ್ದವರ ಹೆಸರನ್ನು ಗೋಪಾಳರಾವ್ ಜೋಶಿ ಪತ್ರಿಕೆಗೆ ಹಾಕಿಸಿಬಿಟ್ಟ. ಪೂನಾ ಹೊತ್ತಿಕೊಂಡಿತು. ಶಂಕರಾಚಾರ್ಯರ ತನಕ ದೂರು, ವಿಚಾರಣೆ, ಪ್ರಾಯಶ್ಚಿತ್ತ. ವರ್ಷಗಟ್ಟಲೆ ಅದೇ ಗಲಾಟೆ. ಬಿಸ್ಕತ್ತಿನಲ್ಲಿ ಹುಳ ಇತ್ತಾ, ಬೂಸ್ಟು ಹಿಡಿದಿತ್ತಾ ಅಂತ ಒಬ್ಬನೂ ಕೇಳಲಿಲ್ಲ. ಕೇಳಿದ್ದು ಯಾರ ಕೈಯಿಂದ ತಿಂದಿರಿ ಅಂತ.

ಇನ್ನೊಂದು ಸಂಗತಿ ನಿಮ್ಮ ಪಠ್ಯಪುಸ್ತಕದಲ್ಲಿ ಸಿಗೋದಿಲ್ಲ. ಅದೇ 1890ರಲ್ಲಿ ಬೊಂಬಾಯಿಯಲ್ಲಿ ಮುನಿಸಿಪಲ್ ನೌಕರರ ಕಾಯ್ದೆ ಅಂತ ಬಂತು. ಹೆಸರು ಕೇಳಿದರೆ ನೌಕರರಿಗೆ ಏನೋ ಒಳ್ಳೇದು ಮಾಡಿದ ಹಾಗಿದೆ. ಒಳಗೆ ಇದ್ದದ್ದು ಬೇರೆ. ಜಾಡಮಾಲಿಗಳು ಮುಂಗಡ ತಿಳಿಸದೆ ಕೆಲಸ ಬಿಟ್ಟರೆ, ರಜೆ ಇಲ್ಲದೆ ಕೆಲಸಕ್ಕೆ ಬಾರದೆ ಹೋದರೆ, ಅದು ಅಪರಾಧ. ಸಂಬಳ ಕತ್ತರಿಸೋದಲ್ಲ ಗೆಳೆಯರೆ, ಜೈಲು.

ಇದನ್ನು ಓದಿದ ದಿನ ನಾವು ಪುಸ್ತಕ ಮುಚ್ಚಿ ಸುಮ್ಮನೆ ಕೂತೆವು. ಯಾಕೆ ಬೇಕಾಯಿತು ಈ ಕಾನೂನು? ಬೇಕರಿಯ ಒಳಗೆ ಕಕ್ಕಸು ಇರಬಾರದು ಅಂತ ಬರೆಯೋದು ಸುಲಭ. ಕಕ್ಕಸು ಮಾಯ ಆಗೋದಿಲ್ಲವಲ್ಲ, ಹಿತ್ತಲಿಗೆ ಹೋಗುತ್ತದೆ. ಆ ಕಾಲದ ಬೊಂಬಾಯಿಯ ಬಹುಪಾಲು ಮನೆ ಮುಂಗಟ್ಟುಗಳಲ್ಲಿ ಇದ್ದದ್ದು ಬುಟ್ಟಿ ಕಕ್ಕಸು. ಮನೆಗಳ ಬೆನ್ನಿಗೆ ಕಿರಿದಾದ ಒಂದು ಓಣಿ. ಹಲಾಲ್‌ಖೋರ್ ಓಣಿ ಅಂತಲೇ ಅದರ ಹೆಸರು. ಬೆಳಗಾಗುವ ಹೊತ್ತಿಗೆ ಆ ಓಣಿಯಲ್ಲಿ ನುಗ್ಗಿ ಬುಟ್ಟಿ ಎಳೆದು, ತಲೆ ಮೇಲೆ ಇಟ್ಟುಕೊಂಡು ಹೋಗುವವರು ನಮ್ಮ ಜನ, ಅದರಲ್ಲೂ ಹೆಂಗಸರು. ಹಲಾಲ್‌ಖೋರ್ ಅಂದರೆ ನ್ಯಾಯವಾಗಿ ದುಡಿದು ತಿನ್ನುವವನು ಅಂತ ಅರ್ಥ. ಹೆಸರು ಕೊಡೋದರಲ್ಲಿ ಈ ದೇಶ ಯಾವತ್ತೂ ಧಾರಾಳಿ.

ಮುಂದುಗಡೆ ಬೆಳಗಿನ ಜಾವ ಬಿಸಿ ಪಾವ್ ಒಲೆಯಿಂದ ಈಚೆ ಬರುತ್ತಿದೆ. ಹಿಂದುಗಡೆ ಅದೇ ಹೊತ್ತಿಗೆ ಬುಟ್ಟಿ ಈಚೆ ಬರುತ್ತಿದೆ. ಬುಟ್ಟಿ ಎರಡು ದಿನ ಬರದಿದ್ದರೆ ನೊಣ ಪಾವಿನ ಮೇಲೆ ಕೂರುತ್ತದೆ, ಬೇಕರಿಯ ಲೈಸೆನ್ಸಿಗೆ ಅರ್ಥವೇ ಇರೋದಿಲ್ಲ. ಬ್ರೆಡ್ಡಿನ ಶುಚಿ ನಿಂತಿದ್ದದ್ದು ಆ ಹೆಂಗಸಿನ ತಲೆಯ ಮೇಲೆ. ಕಾನೂನು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಲೈಸೆನ್ಸಿನ ಷರತ್ತು ಮುರಿದ ಬೇಕರಿ ಮಾಲೀಕನಿಗೆ ದಂಡ, ಬುಟ್ಟಿ ಇಳಿಸಿದವಳಿಗೆ ಜೈಲು. (ಗೊತ್ತಿದ್ದೂ ವಿಷದಂಥ ಆಹಾರ ಮಾರಿದವನಿಗೆ ಪೀನಲ್ ಕೋಡಿನಲ್ಲಿ ಜೈಲು ಇತ್ತು, ಸುಳ್ಳು ಹೇಳಬಾರದು. ಆದರೆ ಗಲೀಜು ಗೋಡೆಗೆ, ಲೈಸೆನ್ಸು ಇಲ್ಲದ ಒಲೆಗೆ ದಂಡ ಕಟ್ಟಿದರೆ ಮುಗಿಯಿತು.)

ನಮ್ಮ ಕನ್ನಡದಲ್ಲಿ ಎರಡು ಮಾತಿವೆ. ಶುಚಿ ಮತ್ತು ಮಡಿ. ಶುಚಿ ಅಂದರೆ ಕೈ ತೊಳೆದರೆ ಬರುವಂಥದ್ದು. ಯಾರು ತೊಳೆದರೂ ಬರುತ್ತದೆ, ತೊಳೆಯದಿದ್ದರೆ ಯಾರಿಗೂ ಬರುವುದಿಲ್ಲ. ಮಡಿ ತೊಳೆದರೆ ಬರುವಂಥದ್ದಲ್ಲ, ಹುಟ್ಟಿನಿಂದ ಬರೋದು. ಬ್ರಿಟಿಷರು ತಂದದ್ದು ಶುಚಿಯ ಕಾನೂನು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ತೋರಿಸಿದ್ದ. ಆ ಕ್ರಿಮಿಗೆ ಜಾತಿ ಗೊತ್ತಿಲ್ಲ. ಈ ಅರಿವು ಮಡಿಯ ಬುಡಕ್ಕೇ ಕೊಡಲಿ ಹಾಕಬಹುದಾಗಿತ್ತು. ಆದರೆ ಸರ್ಕಾರ ಮಡಿಯನ್ನು ಕಡಿಯಲಿಲ್ಲ, ಬಳಸಿಕೊಂಡಿತು. ಊರು ಶುಚಿಯಾಗಿರಬೇಕಾದರೆ ಅಗ್ಗದ ಕೈ ಬೇಕು. ಅಂಥ ಕೈಗಳನ್ನು ಮಡಿ ಸಾವಿರಾರು ವರ್ಷದಿಂದ ತಯಾರು ಮಾಡಿ ಇಟ್ಟಿತ್ತು. ಸರ್ಕಾರ ಅದಕ್ಕೆ ಸಂಬಳದ ಪುಸ್ತಕ ಕೊಟ್ಟಿತು, ಜೊತೆಗೆ ಜೈಲಿನ ಬೀಗವನ್ನೂ ಕೊಟ್ಟಿತು.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿತು. ಮೊದಲು ಗುರುತಿಸಿದವರು ಗೋವೆ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್. ಮಾಂಡ್ವಿ ಅಂದರೆ ಬಂದರಿನ ಪಕ್ಕದ ದವಸದ ಗೋದಾಮುಗಳ ಪೇಟೆ, ಇಲಿಗಳ ರಾಜಧಾನಿ. ಇಲಿಯ ಚಿಗಟದಿಂದ ಪ್ಲೇಗು ಬರುತ್ತದೆ ಅಂತ ಸೀಮೊಂದ್ ಅನ್ನುವ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅಲ್ಲಿಯ ತನಕ ಗೋಡೆಗೆ ಸುಣ್ಣ, ಚರಂಡಿಗೆ ಕಾರ್ಬಾಲಿಕ್ ಆಮ್ಲ ಮತ್ತು ಸಮುದ್ರದ ನೀರು. ಲಂಡನ್ ಬೇಕರಿಯ ಸುಣ್ಣವೇ ಈಗ ಇಡೀ ಊರಿಗೆ!

ಅಕ್ಟೋಬರಿನಲ್ಲಿ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಹಾಕುತ್ತೇವೆ ಅಂತ ಹುಕುಂ ಆಯಿತು. ಜನ ಗಂಟುಮೂಟೆ ಕಟ್ಟಿ ಓಡತೊಡಗಿದರು. ಸೇಠುಗಳು ಓಡಿದರು, ಗುಮಾಸ್ತರು ಓಡಿದರು. ಮುನಿಸಿಪಲ್ ಕಮಿಷನರ್ ಸ್ನೋ ಅನ್ನುವವನಿಗೆ ಅದರಿಂದ ನಿದ್ದೆ ಕೆಡಲಿಲ್ಲ. ಅವನ ನಿದ್ದೆ ಕೆಟ್ಟದ್ದು ಹಲಾಲ್‌ಖೋರರೂ ಓಡಿಬಿಟ್ಟರೆ ಅಂತ. ಅವರು ಹೋದರೆ ಬೊಂಬಾಯಿ ಮನುಷ್ಯರು ಇರುವ ಊರಾಗಿ ಉಳಿಯೋದಿಲ್ಲ ಅಂತ ಅವನಿಗೆ ಗೊತ್ತಿತ್ತು. 1890ರ ಜೈಲು ಕಾನೂನು ಕೈಯಲ್ಲೇ ಇತ್ತು. ಆದರೆ ಸಾವು ಕಣ್ಣ ಮುಂದೆ ನಿಂತಾಗ ಜೈಲಿಗೆ ಯಾರು ಹೆದರುತ್ತಾರೆ? ಹುಕುಂ ಸಡಿಲ ಮಾಡಬೇಕಾಯಿತು. ಮಿಲ್ ಕೂಲಿಗಳ ದೊಂಬಿಯ ಭಯವೂ ಇತ್ತು ಅನ್ನಿ. ಆದರೂ ಈ ಮಾತನ್ನು ನಿಮ್ಮ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಸಾಮ್ರಾಜ್ಯದ ಒಬ್ಬ ದೊಡ್ಡ ಅಧಿಕಾರಿ ಪೊರಕೆ ಹಿಡಿದವರ ಮುಂದೆ ಒಂದು ಹೆಜ್ಜೆ ಹಿಂದೆ ಸರಿದ. ಮುಷ್ಕರ ಕೂಡ ಆಗಿರಲಿಲ್ಲ, ಬರೀ ಅವರು ಹೊರಟಾರು ಅನ್ನುವ ಭಯಕ್ಕೆ.

ಬೊಂಬಾಯಿ ಬಿಡುವ ಮುಂಚೆ ಇನ್ನೊಂದು ಮಾತು. ಬೇಕರಿಗೆ ಸಂಬಂಧ ಇಲ್ಲ ಅನ್ನಿಸಬಹುದು, ತಾಳಿ. ಅಲ್ಲಿಯ ಬಟ್ಟೆ ಮಿಲ್ಲುಗಳಲ್ಲಿ ನೇಯುವ ವಿಭಾಗಕ್ಕೆ ನಮ್ಮವರನ್ನು ಸೇರಿಸುತ್ತಿರಲಿಲ್ಲ. ಕೂಲಿ ಜಾಸ್ತಿ ಸಿಗುತ್ತಿದ್ದದ್ದು ಅಲ್ಲೇ. ಕಾರಣ ಏನು? ಲಾಳಿಯಲ್ಲಿ ನೂಲು ಮುಗಿದಾಗ ಹೊಸ ನೂಲನ್ನು ಬಾಯಿಂದ ಹೀರಿ ಎಳೆಯಬೇಕು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಸವರ್ಣೀಯ ಕೂಲಿ ಮುಟ್ಟುವುದಿಲ್ಲ. ಕೆಂಬಾವುಟ ಹಿಡಿದವನೂ ಮುಟ್ಟುವುದಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ಕಾರ್ಮಿಕ ನಾಯಕರನ್ನು ನಿಲ್ಲಿಸಿ ಕೇಳಿದರು. ಬಾಯಲ್ಲಿ ನೂಲು ಹೀರೋದರಿಂದ ಕ್ಷಯ ಹರಡುತ್ತದೆ ಅಂತ ಅಮೆರಿಕದ ಮಸಾಚುಸೆಟ್ಸ್ ರಾಜ್ಯದವರು 1911ರಲ್ಲೇ ಅಂಥ ಲಾಳಿಯನ್ನು ನಿಷೇಧಿಸಿದ್ದರು. ಎಂಜಲು ಒಂದೇ. ಶುಚಿ ನೋಡಿದವರು ಲಾಳಿಯನ್ನು ಹೊರಗೆ ಹಾಕಿದರು. ಮಡಿ ನೋಡಿದವರು ಮನುಷ್ಯನನ್ನು ಹೊರಗೆ ಹಾಕಿದರು. ನಮ್ಮ ಗೆಳೆಯ ಲೈಸೆನ್ಸು ಓದಿ ಕೇಳಿದ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಈ ಲಾಳಿಯಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಇಪ್ಪತ್ತನೇ ಶತಮಾನದಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಬಂದು ಬೇಕರಿ ಹಾಕಿದವು. ಮೊಟ್ಟೆ ಹಾಕದ ಬ್ರೆಡ್ಡು, ಖಾರಾ ಬನ್ನು, ದಿಲ್‌ಪಸಂದ್. ರುಚಿ ಚೆನ್ನಾಗಿದೆ, ನಾವೂ ತಿಂತೇವೆ. ಕುಲುಮೆಯಂಥ ಒಲೆ ಮುಂದೆ ನಿಂತು ದುಡಿದದ್ದು ದುಡಿಮೆಯೇ, ಅದನ್ನು ಗೌರವಿಸುತ್ತೇವೆ. ಆದರೆ ಆ ಬೋರ್ಡು ನೋಡಿ. ಪೂನಾದಲ್ಲಿ ಯಾವ ತಿಂಡಿಗೆ ಪ್ರಾಯಶ್ಚಿತ್ತ ಮಾಡಿಸಿದರೋ ಅದು ಒಂದು ಜಾತಿಯ ಹೆಸರು ಬರೆದ ಕೂಡಲೇ ಮಡಿಯಾಯಿತು. ಹೆಲ್ತ್ ಇನ್ಸ್‌ಪೆಕ್ಟರ ಸಹಿಗಿಂತ ಆ ಹೆಸರೇ ದೊಡ್ಡ ಲೈಸೆನ್ಸು. ಈಗ ಎಷ್ಟೋ ಕಡೆ ಮಾಲೀಕ ಅಯ್ಯಂಗಾರ್ ಅಲ್ಲವೇ ಅಲ್ಲ, ಬೋರ್ಡು ಮಾತ್ರ ಅದೇ. ನಮ್ಮ ಕೇರಿಯ ಹೆಸರು ಬರೆದು ಒಂದು ಬೇಕರಿ ತೆಗೆದರೆ ಎಷ್ಟು ಬನ್ನು ಖರ್ಚಾದೀತು, ನೀವೇ ಲೆಕ್ಕ ಹಾಕಿ.

ಹಿತ್ತಲ ಓಣಿಯ ಕತೆ ನಮ್ಮಲ್ಲೂ ಇತ್ತು. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಒಂದು ಬುಟ್ಟಿ ಇಳಿಸೋಕೆ ನಮ್ಮ ಜನರ ನಡುವಿನಿಂದ ಬಂದ ಒಬ್ಬ ಮಂತ್ರಿ ಬೇಕಾದರು. ದೇಶಕ್ಕೆಲ್ಲ ಕಾಯ್ದೆ ಬಂದದ್ದು 1993ರಲ್ಲಿ, ಅದು ಸಾಲದೆ ಇನ್ನೊಂದು 2013ರಲ್ಲಿ. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದು ಉಸಿರು ಕಟ್ಟಿ ಸಾಯುವವರ ಸುದ್ದಿ ನಿಂತಿಲ್ಲ.

ಬೇಕರಿಯ ಕಾನೂನು ಮಾತ್ರ ಬೆಳೆಯುತ್ತಲೇ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಿಂದಾಗಿ ಈಗ ಬ್ರೆಡ್ಡಿನ ಪೊಟ್ಟಣದ ಮೇಲೆ 14 ಅಂಕಿಯ ಲೈಸೆನ್ಸು ನಂಬರು ಇರುತ್ತದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ಸೌದೆ, ಇದ್ದಿಲ ಒಲೆಯ ಬೇಕರಿಗಳು ಆರು ತಿಂಗಳೊಳಗೆ ಹೊಗೆ ಕಾರದ ಇಂಧನಕ್ಕೆ ಬದಲಾಗಬೇಕು ಅಂತ ಹೇಳಿತು. ಊರಿನ ಗಾಳಿಗೆ ಒಳ್ಳೆಯದೇ. ಒಲೆ ಬದಲಾಯಿಸುವ ಖರ್ಚು ಪಾವಿನ ಮೇಲೆ ಬೀಳುತ್ತದೆ ಅಂತ ಬೇಕರಿಯವರು ಗೋಳಾಡಿದರು, ಅದೂ ನಿಜ ಇರಬಹುದು. ಪಾವ್ ಬಡವರ ಊಟ ತಾನೆ.

ನಿಮ್ಮಲ್ಲಿ ಕೆಲವರು ನಾಳೆ ಪರೀಕ್ಷೆ ಬರೆದು ಹೆಲ್ತ್ ಇನ್ಸ್‌ಪೆಕ್ಟರ್ ಆಗ್ತೀರಿ, ಆಹಾರ ಸುರಕ್ಷತಾ ಅಧಿಕಾರಿ ಆಗ್ತೀರಿ. ಆಗಲೇಬೇಕು. ಆಗ ಒಂದು ಫಾರಂ ಹಿಡಿದುಕೊಂಡು ಇಂಥದ್ದೇ ಬೇಕರಿಗೆ ಹೋಗ್ತೀರಿ. ನೀರು, ನೆಲ, ಗೋಡೆ, ಇಲಿ, ನೊಣ, ಎಲ್ಲಕ್ಕೂ ಜಾಗ ಇರುತ್ತದೆ. ಹಿಟ್ಟು ನಾದುವವನು ಎಲ್ಲಿ ಮಲಗುತ್ತಾನೆ ಅಂತ ಕೇಳಿ. ಹಿಂದಿನ ಮೋರಿಯನ್ನು ಯಾರು ಎತ್ತುತ್ತಾರೆ, ಅವರಿಗೆ ಕೈಗವಸು ಇದೆಯಾ, ಅವರಿಗೆ ಈ ಅಂಗಡಿಯಲ್ಲಿ ಚಹಾ ಯಾವ ಲೋಟದಲ್ಲಿ ಕೊಡುತ್ತಾರೆ ಅಂತ ಕೇಳಿ. ಫಾರಮ್ಮಿನಲ್ಲಿ ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಅಸ್ಪೃಶ್ಯತೆ ಆಚರಿಸಿದರೆ ಅಪರಾಧ ಅಂತ 1955ರಲ್ಲೇ ಕಾಯ್ದೆಯಾಗಿದೆ. ಅದಕ್ಕೆ ನೀವು ಬೇರೆ ಇಲಾಖೆಯ ಅಪ್ಪಣೆ ಕಾಯಬೇಕಾಗಿಲ್ಲ, ಪೊಲೀಸು ಠಾಣೆ ಸಾಕು.

ಅಧಿಕಾರಿ ಆಗೋದು ನಾಳೆಯ ಮಾತು. ಇವತ್ತಿನದು ಬೇರೆ. ಈ ಊರಿನಲ್ಲೂ ಒಂದು ಬೇಕರಿ ಇದೆ, ಅಲ್ಲಿ ನಿಮಗೆ ಬನ್ನು ಹೇಗೆ ಕೊಡುತ್ತಾರೆ ಅಂತ ಊಟದ ಹೊತ್ತಿನಲ್ಲಿ ನಿಮ್ಮಲ್ಲೇ ಕೆಲವರು ನಮ್ಮ ಹತ್ತಿರ ಹೇಳಿದಿರಿ. ಐದು ಗಂಟೆಗೆ ಗೇಟಿನ ಹತ್ತಿರ ಸೇರೋಣ. ಗಲಾಟೆ ಬೇಡ, ಘೋಷಣೆಯೂ ಬೇಡ. ಎಲ್ಲರೂ ಕಾಸು ತಗೊಂಡು ಬನ್ನಿ. ಒಬ್ಬೊಬ್ಬರೇ ಸಾಲಾಗಿ ಹೋಗಿ ಒಂದೊಂದು ಬನ್ನು ಕೇಳೋಣ. ಕಾಸನ್ನು ಗಾಜಿನ ಮೇಲೆ ಇಡಬೇಡಿ. ಕೈ ಮುಂದೆ ಚಾಚಿ, ಅವನು ಕೈ ಚಾಚುವ ತನಕ ನಿಲ್ಲಿ.